ಬೇಕೆಂದೇ ಪಕ್ಕಕ್ಕೆ ಗುರಿ ಇಟ್ಟ ಮೇಷ್ಟ್ರು

1945ರಲ್ಲಿ ಯುದ್ಧ ಮುಗಿದಾಗ ಬ್ರಿಟನ್ನಿನ ವಾಯು ಸಚಿವಾಲಯದಲ್ಲಿ ಮ್ಯಾಪುಗಳ ರಾಶಿ ಉಳಿದುಹೋಗಿತ್ತು. ಅದರಲ್ಲಿ 15,000 ಮ್ಯಾಪುಗಳನ್ನು ಒಬ್ಬರು ಕೊಂಡುಕೊಂಡರು. ಹಲಗೆಗೆ ಅಂಟಿಸಿ, ಚೂರು ಚೂರಾಗಿ ಕತ್ತರಿಸಿ, ಜೋಡಿಸುವ ಆಟ ಮಾಡಿ ಮಾರಲು ಶುರುಮಾಡಿದರು. ಅಂಥದ್ದೇ ಮ್ಯಾಪುಗಳನ್ನು ಮೊಣಕಾಲ ಮೇಲಿಟ್ಟುಕೊಂಡು ವಿಮಾನ ಹಾರಿಸುವುದು ಹೇಗೆ ಅಂತ ಯುದ್ಧಕಾಲದಲ್ಲಿ ಪೈಲಟ್‌ಗಳಿಗೆ ಹೇಳಿಕೊಟ್ಟವರು ಅವರು. ಹೆಸರು ಫ್ರಾನ್ಸಿಸ್ ಚಿಚೆಸ್ಟರ್.

ಈ ಹೆಸರು ಗೊತ್ತಿರುವವರಿಗೆ ನೆನಪಾಗುವುದು ಬೇರೆಯೇ ಚಿತ್ರ. 1966-67ರಲ್ಲಿ, 65ನೇ ವಯಸ್ಸಿನಲ್ಲಿ, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ ಮುದುಕ. ದಾರಿಯಲ್ಲಿ ನಿಂತದ್ದು ಸಿಡ್ನಿಯಲ್ಲಿ ಮಾತ್ರ. ಗ್ರೀನಿಚ್‌ನಲ್ಲಿ ರಾಣಿ ಎರಡನೇ ಎಲಿಜಬೆತ್, ಚಿಚೆಸ್ಟರ್ ಭುಜಕ್ಕೆ ಕತ್ತಿ ಮುಟ್ಟಿಸಿ ನೈಟ್ ಪದವಿ ಕೊಟ್ಟರು. ಸುಮಾರು ನಾಲ್ಕು ಶತಮಾನಗಳ ಹಿಂದೆ ನಾವಿಕ ಫ್ರಾನ್ಸಿಸ್ ಡ್ರೇಕ್‌ಗೆ ಪದವಿ ಕೊಡುವಾಗ ಬಳಸಿದ್ದ ಕತ್ತಿ ಅದು.

ನಾನು ಬರೆಯಲು ಕೂತಿದ್ದು ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಚಿಚೆಸ್ಟರ್ ಬಗ್ಗೆ. ಎಲ್ಲಿಗೂ ಹೋಗದೆ, ಒಂದು ವಾಯುನೆಲೆಯಲ್ಲಿ ಕೂತು, ಬೇರೆಯವರಿಗೆ ದಾರಿ ಕಲಿಸಿದ ವರ್ಷಗಳ ಬಗ್ಗೆ. ಅವರ ಬಗ್ಗೆ ಬರೆದವರು ಈ ಭಾಗವನ್ನು ಒಂದೆರಡು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ನನಗೆ ಹಾಗೆ ಹೋಗಲು ಆಗಲ್ಲ. ನಾನೂ ಮೂವತ್ತು ವರ್ಷ ಹಡಗಿನ ಬ್ರಿಜ್ ಮೇಲೆ ನಿಂತು ಚಾರ್ಟ್ ಮೇಲೆ ಗೆರೆ ಎಳೆದವನು. ನನಗೂ ಯಾರೋ ಕಲಿಸಿದ್ದರು.

ಚಿಚೆಸ್ಟರ್ ಹುಟ್ಟಿದ್ದು 1901ರಲ್ಲಿ, ಇಂಗ್ಲೆಂಡಿನ ಡೆವನ್‌ನಲ್ಲಿ. ಅಪ್ಪ ಪಾದ್ರಿ, ಬಹಳ ಕಟ್ಟುನಿಟ್ಟು. 18ನೇ ವಯಸ್ಸಿಗೆ ಜೇಬಿನಲ್ಲಿ 10 ಪೌಂಡ್ ಇಟ್ಟುಕೊಂಡು ನ್ಯೂಜಿಲೆಂಡಿಗೆ ಹಡಗು ಹತ್ತಿದರು. ಕುರಿ ಕಾದರು, ಮರ ಕಡಿದರು, ಗಣಿಯಲ್ಲಿ ದುಡಿದರು, ಆಮೇಲೆ ಜಮೀನಿನ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿದರು. ಹತ್ತು ವರ್ಷದ ಮೇಲೆ ಇಂಗ್ಲೆಂಡಿಗೆ ಬಂದು ವಿಮಾನ ಹಾರಿಸಲು ಕಲಿತರು. ಜಿಪ್ಸಿ ಮಾತ್ ಅನ್ನುವ ಪುಟ್ಟ ವಿಮಾನ ಕೊಂಡು, 1929ರ ಡಿಸೆಂಬರ್‌ನಲ್ಲಿ ಲಂಡನ್ನಿನಿಂದ ಹೊರಟು ಒಬ್ಬರೇ ಸಿಡ್ನಿ ತಲುಪಿದರು. ಮರದ ಚೌಕಟ್ಟು, ಬಟ್ಟೆಯ ರೆಕ್ಕೆ, ಮೇಲೆ ಚಾವಣಿಯಿಲ್ಲದ ಕಾಕ್‌ಪಿಟ್. ನಮ್ಮ ಜೆ.ಆರ್.ಡಿ. ಟಾಟಾ 1932ರಲ್ಲಿ ಕರಾಚಿಯಿಂದ ಮುಂಬೈಗೆ ಟಪಾಲು ಹೊತ್ತು ಬಂದದ್ದೂ ಇದೇ ಡಿ ಹ್ಯಾವಿಲೆಂಡ್ ಕಂಪನಿಯ ಪುಸ್ ಮಾತ್ ವಿಮಾನದಲ್ಲಿ. ಎಷ್ಟು ಚಿಕ್ಕ ವಿಮಾನ ಅಂತ ಅಂದಾಜಾಗಲಿ ಅಂತ ಹೇಳಿದೆ, ಅಷ್ಟೇ.

ಅವರು ನಿಜವಾದ ನ್ಯಾವಿಗೇಟರ್, ಅಂದರೆ ದಾರಿ ಲೆಕ್ಕ ಹಾಕುವವರು, ಆದದ್ದು ಟಾಸ್ಮನ್ ಸಮುದ್ರದ ಮೇಲೆ. ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರಬೇಕು ಅಂತ ಆಸೆ. ಆದರೆ ಅಷ್ಟು ದೂರಕ್ಕೆ ಬೇಕಾದ ಇಂಧನ ಆ ವಿಮಾನದಲ್ಲಿ ಹಿಡಿಸುವುದಿಲ್ಲ. ನಡುವೆ ಎರಡು ಚುಕ್ಕಿಗಳಿವೆ. ಮೊದಲು ನಾರ್ಫೋಕ್ ದ್ವೀಪ, ಆಮೇಲೆ ಲಾರ್ಡ್ ಹೋವ್ ದ್ವೀಪ. ನಾರ್ಫೋಕ್‌ನ ಉದ್ದ ಸುಮಾರು 8 ಕಿ.ಮೀ. ಮಾತ್ರ. ಅಲ್ಲಿಗೆ ನ್ಯೂಜಿಲೆಂಡಿನ ಉತ್ತರ ತುದಿಯಿಂದ 700 ಕಿ.ಮೀ.ಗೂ ಜಾಸ್ತಿ ನೀರು. ವಾಯು ನ್ಯಾವಿಗೇಷನ್‌ನಲ್ಲಿ ಎಲ್ಲರೂ ಬಾಯಿಪಾಠ ಮಾಡುವ ಒಂದು ಲೆಕ್ಕ ಇದೆ: 1 ಡಿಗ್ರಿ ತಪ್ಪಿದರೆ 60 ಮೈಲಿಗೆ 1 ಮೈಲಿ ಪಕ್ಕಕ್ಕೆ ಹೋಗಿರುತ್ತೀರಿ. ಗಾಳಿ ಸ್ವಲ್ಪ ತಳ್ಳಿ, ದಿಕ್ಸೂಚಿ ಸ್ವಲ್ಪ ಸುಳ್ಳು ಹೇಳಿ, ಒಟ್ಟು 5 ಡಿಗ್ರಿ ತಪ್ಪಿತು ಅಂದುಕೊಳ್ಳಿ. 700 ಕಿ.ಮೀ. ಆಚೆ ನೀವು ದ್ವೀಪದಿಂದ ಸುಮಾರು 60 ಕಿ.ಮೀ. ದೂರದಲ್ಲಿರುತ್ತೀರಿ. ಮೋಡವಿದ್ದರೆ ದ್ವೀಪ ಕಾಣುವುದೇ ಇಲ್ಲ. ವಾಪಸ್ ಬರಲು ಇಂಧನವಿಲ್ಲ.

ಅವರ ಹತ್ತಿರ ಒಂದು ಸೆಕ್ಸ್‌ಟಂಟ್ ಇತ್ತು. ಸೂರ್ಯ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಅಂತ ಅಳೆಯುವ ಉಪಕರಣ. ಇದರ ಒಂದು ಗುಟ್ಟನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಈ ಬರಹ ನಿಂತಿರುವುದೇ ಅದರ ಮೇಲೆ. ಸೂರ್ಯನನ್ನು ಒಂದು ಸಲ ಅಳೆದರೆ ನೀವು ಎಲ್ಲಿದ್ದೀರಿ ಅಂತ ಗೊತ್ತಾಗಲ್ಲ. ಒಂದು ಗೆರೆ ಸಿಗುತ್ತದೆ, ಅಷ್ಟೇ. ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಇದ್ದೀರಿ. ಎಲ್ಲಿ ಅನ್ನುವುದನ್ನು ಸೂರ್ಯ ಹೇಳುವುದಿಲ್ಲ. ರಾತ್ರಿಯಾದರೆ ಇನ್ನೊಂದು ನಕ್ಷತ್ರ ಹಿಡಿದು ಇನ್ನೊಂದು ಗೆರೆ ಎಳೆಯಬಹುದು. ಎರಡು ಗೆರೆ ಕೂಡಿದಲ್ಲಿ ನೀವು. ಹಗಲಿನಲ್ಲಿ ಇರುವುದು ಒಬ್ಬನೇ ಸೂರ್ಯ.

ದ್ವೀಪಕ್ಕೆ ನೇರವಾಗಿ ಗುರಿ ಇಟ್ಟು ಹೊರಟು, ದ್ವೀಪದ ಮೇಲೆ ಹಾಯುವ ಗೆರೆ ತಲುಪಿದಾಗ ಕೆಳಗೆ ಬರೀ ನೀರು ಕಂಡರೆ? ದ್ವೀಪ ಎಡಕ್ಕಿದೆಯೋ ಬಲಕ್ಕಿದೆಯೋ? ಗೊತ್ತಾಗುವ ದಾರಿಯೇ ಇಲ್ಲ. ಚಿಚೆಸ್ಟರ್ ಮಾಡಿದ್ದು ಇಷ್ಟು. ಬೇಕೆಂದೇ ದ್ವೀಪದ ಒಂದು ಪಕ್ಕಕ್ಕೆ, ಬಹಳ ದೂರಕ್ಕೆ, ಗುರಿ ಇಟ್ಟರು. ಗಾಳಿ, ದಿಕ್ಸೂಚಿ, ತಮ್ಮ ಕೈ, ಎಲ್ಲವೂ ಸೇರಿ ಎಷ್ಟು ತಪ್ಪಿದರೂ ದ್ವೀಪದ ಇನ್ನೊಂದು ಪಕ್ಕಕ್ಕೆ ಹೋಗಲಾರದಷ್ಟು ದೂರಕ್ಕೆ. ಸೂರ್ಯನ ಲೆಕ್ಕ ಗೆರೆ ಬಂತು ಅಂದ ತಕ್ಷಣ ಆ ಗೆರೆ ಹಿಡಿದು ತಿರುಗಿದರು. ಯಾವ ಕಡೆಗೆ ತಿರುಗಬೇಕು ಅನ್ನುವುದರಲ್ಲಿ ಸಂಶಯವೇ ಇಲ್ಲ. ಹಾಗೆ ತಿರುಗಿದಾಗ ಮನಸ್ಸು ಕುಸಿದುಹೋಯಿತು ಅಂತ ಅವರೇ ಮುಂದೆ ಬರೆದಿದ್ದಾರೆ. ಬಂದ ದಾರಿಗೆ ಅಡ್ಡವಾಗಿ ಖಾಲಿ ಸಮುದ್ರದ ಕಡೆ ಹೋಗಬೇಕಲ್ಲ! ಲೆಕ್ಕ ಸರಿ ಅಂತ ಕಾಗದ ಹೇಳುತ್ತದೆ. ಮೈಯೆಲ್ಲ ತಪ್ಪು ತಪ್ಪು ಅನ್ನುತ್ತದೆ. ನಾನು ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿ ನಿಂತೆ.

ಯಾಕೆಂದರೆ ಇದು ನನ್ನ ಅಜ್ಜನ ಮಾತು.

ನಮ್ಮದು ಗಂಗೊಳ್ಳಿ. ಅಜ್ಜ ಹಾಯಿ ಕಟ್ಟಿದ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರು. ಅಕ್ಷರ ಬರುತ್ತಿರಲಿಲ್ಲ. ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೆ ಕೊಡಚಾದ್ರಿ ನೋಡಿಕೊಂಡು ವಾಪಸ್ ಬರುತ್ತಿದ್ದರು. ಮಂಜು ಮುಸುಕಿದರೆ ಬೆಟ್ಟವೂ ಇಲ್ಲ, ದಡವೂ ಇಲ್ಲ. ನಾನು ಹತ್ತು ವರ್ಷದವನಿದ್ದಾಗ ಕೇಳಿದ್ದೆ, ಮಂಜಿನಲ್ಲಿ ಅಳಿವೆ ಬಾಯಿ ಹೇಗೆ ಸಿಗುತ್ತದೆ ಅಂತ. ಅವರು ಅಂದದ್ದು: "ಅಳಿವೆಗೆ ನೇರ ಬರೂಕಾಗ ಮಗಾ. ತೆಂಕಕ್ಕೆ ಬಂದು ದಡ ಹಿಡಿ. ಮತ್ತೆ ಬಡಗಿಗೆ ತಿರುಗು." ಅಳಿವೆಯ ತೆಂಕಕ್ಕಿರುವ ಕೋಡಿ ಊರಿನ ಕಡೆ ದಡ ಮುಟ್ಟಿಬಿಟ್ಟರೆ ಅಳಿವೆ ಬಡಗಿನಲ್ಲೇ ಇರಬೇಕು. ನೇರ ಬಂದು ದಡ ಸಿಕ್ಕರೆ ತೆಂಕೋ ಬಡಗೋ ಅಂತ ಹುಡುಕಿಕೊಂಡು ಸಾಯಬೇಕು.

ನನಗೆ ಆಗ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದು ಕ್ಯಾಡೆಟ್ ಆಗಿ ಹಡಗು ಹತ್ತಿದ ಮೇಲೆ. ನಮ್ಮ ಸೆಕೆಂಡ್ ಮೇಟ್, ಅಂದರೆ ಹಡಗಿನ ದಾರಿ ಲೆಕ್ಕ ನೋಡಿಕೊಳ್ಳುವ ಅಧಿಕಾರಿ, ಕಾರವಾರದವರು. ದಿನಾ ಮಧ್ಯಾಹ್ನ ನನ್ನ ಕೈಗೆ ಸೆಕ್ಸ್‌ಟಂಟ್ ಕೊಟ್ಟು ಸೂರ್ಯನನ್ನು ಹಿಡಿಸುತ್ತಿದ್ದರು. ಗಡಿಯಾರ 4 ಸೆಕೆಂಡ್ ತಪ್ಪಾಗಿ ಓದಿದರೆ ಭೂಮಧ್ಯರೇಖೆಯ ಹತ್ತಿರ 1 ನಾಟಿಕಲ್ ಮೈಲಿ ತಪ್ಪು. ನಾನು 40 ಸೆಕೆಂಡ್ ತಪ್ಪಿದ ದಿನ ಅವರು ಬೈಯಲಿಲ್ಲ. ಚಾರ್ಟ್ ಮೇಲೆ ನನ್ನ ಚುಕ್ಕಿ ಇಟ್ಟು, ಪಕ್ಕದಲ್ಲಿ ನಿಜವಾದ ಚುಕ್ಕಿ ಇಟ್ಟು, "ಈ ಹತ್ತು ಮೈಲಿಯಲ್ಲಿ ಒಂದು ಬಂಡೆ ಇದ್ದಿದ್ದರೆ?" ಅಂತ ಕೇಳಿ ಚಹಾ ಕುಡಿಯಲು ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೇ ಗೆರೆ ಸಿಕ್ಕಾಗ ಪಕ್ಕಕ್ಕೆ ಗುರಿ ಇಡುವುದನ್ನು ಲೆಕ್ಕ ಹಾಕಿ ತೋರಿಸಿದವರೂ ಅವರೇ. ಅಜ್ಜ ಹೇಳಿದ್ದು ಅವತ್ತು ತಲೆಗೆ ಹೋಯಿತು.

ಟಾಸ್ಮನ್ ಕಥೆ ಮುಗಿಸುತ್ತೇನೆ. ನಾರ್ಫೋಕ್ ಸಿಕ್ಕಿತು. 1931ರ ಏಪ್ರಿಲ್ 1ರಂದು ಲಾರ್ಡ್ ಹೋವ್ ಕೂಡ ಸಿಕ್ಕಿತು. ಅಲ್ಲಿ ಬಿರುಗಾಳಿಗೆ ಸಿಕ್ಕಿ, ನೀರಿನ ಮೇಲೆ ಇಳಿಯಲು ತೇಲುಗಾಲು ಹಾಕಿ ಲಗೂನಿನಲ್ಲಿ, ಅಂದರೆ ದಡದ ಪಕ್ಕದ ಶಾಂತ ನೀರಿನಲ್ಲಿ, ಕಟ್ಟಿದ್ದ ವಿಮಾನ ಮಗುಚಿ ಮುಳುಗಿತು. ಚಿಚೆಸ್ಟರ್ ಆ ಪುಟ್ಟ ದ್ವೀಪದ ಜನರ ಜೊತೆ ಸೇರಿ, ಎರಡು ತಿಂಗಳು ಕೂತು, ರೆಕ್ಕೆಯನ್ನೂ ಎಂಜಿನನ್ನೂ ಮತ್ತೆ ಜೋಡಿಸಿದರು. ಜೂನ್‌ನಲ್ಲಿ ಹಾರಿ ಆಸ್ಟ್ರೇಲಿಯಾ ಮುಟ್ಟಿದರು. ಪೂರ್ವದಿಂದ ಪಶ್ಚಿಮಕ್ಕೆ ಟಾಸ್ಮನ್ ಅನ್ನು ಒಬ್ಬರೇ ದಾಟಿದ ಮೊದಲ ಹಾರಾಟ ಅದು. ಅದೇ ವರ್ಷ ನ್ಯಾವಿಗೇಷನ್‌ಗಾಗಿ ಹೊಸದಾಗಿ ಸ್ಥಾಪಿಸಿದ ಜಾನ್‌ಸ್ಟನ್ ಸ್ಮಾರಕ ಟ್ರೋಫಿಯನ್ನು ಮೊದಲು ಪಡೆದವರು ಅವರೇ. ಹಿಂದಿನ ವರ್ಷ ಫ್ರಾನ್ಸಿನಲ್ಲಿ ಬಿದ್ದು ಉರಿದ ಆರ್101 ವಾಯುನೌಕೆಯ ಜೊತೆ ಸತ್ತ ನ್ಯಾವಿಗೇಟರ್ ಜಾನ್‌ಸ್ಟನ್ ಹೆಸರಿನ ಟ್ರೋಫಿ. ಆಮೇಲೆ ಅದೇ ವಿಮಾನದಲ್ಲಿ ಜಪಾನ್‌ವರೆಗೆ ಹೋದ ಚಿಚೆಸ್ಟರ್ ಕಟ್ಸುವುರ ಬಂದರಿನಲ್ಲಿ ತಂತಿಗಳಿಗೆ ಡಿಕ್ಕಿ ಹೊಡೆದು ಬಿದ್ದರು. ಬದುಕಿದ್ದೇ ಹೆಚ್ಚು.

1939ರಲ್ಲಿ ಯುದ್ಧ ಬಂತು. ಸಮುದ್ರದ ಮೇಲೆ ಒಬ್ಬರೇ ಹಾರಿ, ಸೂರ್ಯನನ್ನು ಹಿಡಿದು 8 ಕಿ.ಮೀ. ದ್ವೀಪ ಹುಡುಕಿದ ಮನುಷ್ಯ ವಾಯುಪಡೆಗೆ ಸೇರಲು ಹೋದರು. ಬೇಡ ಅಂದರು. ಕಣ್ಣು ಸರಿಯಿಲ್ಲ. ಅವರಿಗೆ ಸಮೀಪದೃಷ್ಟಿ, ದಪ್ಪ ಕನ್ನಡಕ. ವಯಸ್ಸು ಆಗಲೇ 38. ವಾಯುಪಡೆಯ ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಶತ್ರು ವಿಮಾನವನ್ನು ಮೊದಲು ನೋಡಿದವನು ಬದುಕುತ್ತಾನೆ. ಆದರೂ ಆ ದಿನ ಅವರು ಮನೆಗೆ ನಡೆದುಕೊಂಡು ಬಂದದ್ದನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಆ ಹೊತ್ತಿಗೆ ದಾರಿ ಗೊತ್ತಿರುವವರ ಅಗತ್ಯ ಎಷ್ಟಿತ್ತು ಅನ್ನುವುದು 1941ರ ಆಗಸ್ಟ್‌ನಲ್ಲಿ ಹೊರಬಿತ್ತು. ಬಟ್ ಅನ್ನುವ ಸರ್ಕಾರಿ ಅಧಿಕಾರಿ, ಬಾಂಬರ್‌ಗಳು ರಾತ್ರಿ ತೆಗೆದ 600ಕ್ಕೂ ಜಾಸ್ತಿ ಫೋಟೋಗಳನ್ನು ಕೂತು ಪರಿಶೀಲಿಸಿದರು. ಗುರಿ ಮುಟ್ಟಿದೆವು ಅಂತ ಹೇಳಿದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ 5 ಮೈಲಿ ಒಳಗೆ ಹೋಗಿತ್ತು. ಹೊಗೆ ಕವಿದ, ಜರ್ಮನಿಯ ಕಾರ್ಖಾನೆಗಳ ರೂರ್ ಪ್ರದೇಶದಲ್ಲಿ ಹತ್ತಕ್ಕೆ ಒಂದು. ಆ ಹುಡುಗರು ಸುಳ್ಳು ಹೇಳಿರಲಿಲ್ಲ. ಕತ್ತಲಲ್ಲಿ, ಮೋಡದ ಮೇಲೆ, ಗಾಳಿ ಎಷ್ಟು ತಳ್ಳುತ್ತಿದೆ ಅಂತ ತಿಳಿಯದೆ ಹಾರಿದವರು ತಾವು ಅಲ್ಲೇ ಇದ್ದೇವೆ ಅಂತ ನಂಬಿದ್ದರು. ಗಂಟೆಗೆ 60 ಕಿ.ಮೀ. ಗಾಳಿ ಪಕ್ಕದಿಂದ ಬೀಸುತ್ತಿದ್ದು ನೀವು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎರಡು ಗಂಟೆಯಲ್ಲಿ 120 ಕಿ.ಮೀ. ಪಕ್ಕದಲ್ಲಿರುತ್ತೀರಿ. ವಿಮಾನದೊಳಗೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ.

ಆಮೇಲೆ ಬಹಳಷ್ಟು ಬದಲಾಯಿತು. ಅದುವರೆಗೆ ದಾರಿ ನೋಡುವುದು, ಬಾಂಬ್ ಹಾಕುವುದು ಎರಡನ್ನೂ ಒಬ್ಬನೇ ಮಾಡುತ್ತಿದ್ದ, ಅವನಿಗೆ ಅಬ್ಸರ್ವರ್ ಅನ್ನುತ್ತಿದ್ದರು. 1942ರಲ್ಲಿ ನ್ಯಾವಿಗೇಟರ್ ಅನ್ನುವ ಬೇರೆ ಹುದ್ದೆಯೇ ಬಂತು. ರೇಡಿಯೋ ಅಲೆಗಳಿಂದ ಸ್ಥಾನ ಹೇಳುವ 'ಜೀ' ಅನ್ನುವ ಉಪಕರಣ ಬಂತು. ಕಾಮನ್‌ವೆಲ್ತ್ ದೇಶಗಳ ವಾಯು ತರಬೇತಿ ಯೋಜನೆಯಡಿ ಯುದ್ಧ ಮುಗಿಯುವ ಹೊತ್ತಿಗೆ ಕೆನಡಾದಲ್ಲೇ 1,31,553 ವಿಮಾನ ಸಿಬ್ಬಂದಿ ತರಬೇತಿ ಪಡೆದು ಹೊರಬಂದರು. ಅವರೆಲ್ಲರಿಗೂ ಕಲಿಸಲು ಮೇಷ್ಟ್ರು ಬೇಕಿತ್ತಲ್ಲ?

1941ರಲ್ಲಿ ಚಿಚೆಸ್ಟರ್ ಅವರನ್ನು ವಾಯುಪಡೆಯ ಮೀಸಲು ದಳಕ್ಕೆ ತೆಗೆದುಕೊಂಡರು. ಹಾರುವುದಕ್ಕೆ ಕರೆದಿರಲಿಲ್ಲ, ಬರೆಯುವುದಕ್ಕೆ ಮತ್ತು ಕಲಿಸುವುದಕ್ಕೆ. ಮೊದಲು ವಾಯು ಸಚಿವಾಲಯದಲ್ಲಿ ಕೆಲಸ. ಆಮೇಲೆ 1943ರಿಂದ ವಿಲ್ಟ್‌ಶೈರ್‌ನ ಹಲ್ಲವಿಂಗ್ಟನ್‌ನಲ್ಲಿದ್ದ ಎಂಪೈರ್ ಸೆಂಟ್ರಲ್ ಫ್ಲೈಯಿಂಗ್ ಸ್ಕೂಲ್‌ನಲ್ಲಿ ಮುಖ್ಯ ನ್ಯಾವಿಗೇಷನ್ ಶಿಕ್ಷಕರು. ಈ ಶಾಲೆಯ ವಿಶೇಷ ಏನೆಂದರೆ, ಅಲ್ಲಿಗೆ ಕಲಿಯಲು ಬರುತ್ತಿದ್ದವರು ಹೊಸ ಹುಡುಗರಲ್ಲ, ಬೇರೆ ಬೇರೆ ಮಿತ್ರದೇಶಗಳಲ್ಲಿ ಆಗಲೇ ಪೈಲಟ್‌ಗಳಿಗೆ ಕಲಿಸುತ್ತಿದ್ದ ಮೇಷ್ಟ್ರುಗಳು. ಮೇಷ್ಟ್ರುಗಳಿಗೆ ಮೇಷ್ಟ್ರು.

ಅವರ ಬರಹಗಳಲ್ಲಿ ನನಗೆ ಬಹಳ ದೊಡ್ಡದು ಅನ್ನಿಸುವುದು ಒಂಟಿ ಪೈಲಟ್‌ಗಳಿಗಾಗಿ ಮಾಡಿದ್ದು. ದೊಡ್ಡ ಬಾಂಬರ್‌ನಲ್ಲಿ ನ್ಯಾವಿಗೇಟರ್‌ಗೆ ಮೇಜು ಇರುತ್ತದೆ, ದೀಪ ಇರುತ್ತದೆ, ಸ್ಕೇಲು, ಪೆನ್ಸಿಲ್, ಲೆಕ್ಕದ ಕೋಷ್ಟಕಗಳ ಪುಸ್ತಕ ಎಲ್ಲವೂ. ಒಬ್ಬನೇ ಕೂರುವ ಫೈಟರ್‌ನಲ್ಲಿ ಏನಿದೆ? ಒಂದು ಕೈ ಸ್ಟಿಕ್ ಮೇಲೆ, ಇನ್ನೊಂದು ಥ್ರಾಟಲ್ ಮೇಲೆ. ಕಣ್ಣು ಹಿಂದೆ ಮುಂದೆ ಶತ್ರುವನ್ನು ಹುಡುಕುತ್ತಿರಬೇಕು. ಗಂಟೆಗೆ 420 ಕಿ.ಮೀ. ವೇಗದಲ್ಲಿ ಒಂದು ನಿಮಿಷ ಮ್ಯಾಪ್ ನೋಡಿದರೆ ಅಷ್ಟರಲ್ಲಿ 7 ಕಿ.ಮೀ. ಹಿಂದಕ್ಕೆ ಹೋಗಿರುತ್ತದೆ. ಮರದ ತುದಿಗೆ ತಾಗುವಷ್ಟು ಕೆಳಗೆ ಹಾರುವಾಗಂತೂ ನದಿ, ರೈಲುಹಳಿ, ಚರ್ಚಿನ ಗೋಪುರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ಟಾಸ್ಮನ್ ಮೇಲೆ ಚಿಚೆಸ್ಟರ್ ಇದ್ದದ್ದೂ ಹೀಗೇ ಅಲ್ವಾ? ವಿಮಾನ ತಾವೇ ಹಾರಿಸಬೇಕು, ಸೂರ್ಯನನ್ನು ತಾವೇ ಅಳೆಯಬೇಕು, ಗಾಳಿಗೆ ಹಾರುವ ಕಾಗದದ ಮೇಲೆ ಲೆಕ್ಕವನ್ನೂ ತಾವೇ ಮಾಡಬೇಕು. ಹನ್ನೊಂದು ಹನ್ನೆರಡು ವರ್ಷದ ಹಿಂದೆ ತಾವು ಮೊಣಕಾಲ ಮೇಲೆ ಮಾಡಿದ್ದನ್ನೇ, ಯುರೋಪಿನ ಮೇಲೆ ಹೋಗಿ ವಾಪಸ್ ಬರಬೇಕಾದ ಹುಡುಗರಿಗೆ ಹೊಂದುವ ಹಾಗೆ ಪಾಠ ಮಾಡಿ ಬರೆದರು.

ಇಷ್ಟು ಹೇಳಿ ಮನಸ್ಸಿಗೆ ಚುಚ್ಚುವ ಒಂದು ವಿಷಯವನ್ನು ಬಿಟ್ಟುಬಿಟ್ಟರೆ ಸರಿಯಾಗಲ್ಲ. ದಾರಿ ಕಲಿತ ವಿಮಾನಗಳು ಹೋದದ್ದು ಊರುಗಳ ಮೇಲೆ ಬಾಂಬ್ ಹಾಕಲು. ಕೆಳಗೆ ಮನೆಗಳಿದ್ದವು, ಮಕ್ಕಳಿದ್ದರು. ಮೇಲಿದ್ದವರೂ ಹುಡುಗರೇ, ಬ್ರಿಟನ್ನಿನ ಬಾಂಬರ್ ದಳವಾದ ಬಾಂಬರ್ ಕಮಾಂಡ್ ಒಂದರಲ್ಲೇ 55,573 ಜನ ಸತ್ತರು. ಗುರಿ ಹುಡುಕುವ ವಿದ್ಯೆ, ಮನೆಗೆ ಮರಳುವ ವಿದ್ಯೆ ಎರಡೂ ಒಂದೇ. ನಾನು ಈ ಗಂಟನ್ನು ಬಿಚ್ಚಲಾರೆ. ಆದರೆ ಇಂಧನ ಮುಗಿಯುತ್ತಿರುವ ವಿಮಾನದಲ್ಲಿ ಬೆಳಗಿನ ಜಾವ ಇಂಗ್ಲೆಂಡಿನ ದಡ ಹುಡುಕುತ್ತಿದ್ದ ಇಪ್ಪತ್ತರ ಹುಡುಗನಿಗೆ ಯಾರೋ ಎಡಕ್ಕೆ ತಿರುಗು ಅಂತ ಕಲಿಸಿದ್ದರು ಅನ್ನುವುದು ನನಗೆ ದೊಡ್ಡ ವಿಷಯ.

ಸತ್ತವರ ಲೆಕ್ಕ ಇದೆ. ಪಾಠದಿಂದ ಬದುಕಿ ಬಂದವರ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ಹಲ್ಲವಿಂಗ್ಟನ್‌ನಲ್ಲಿ ಕಲಿತ ಮೇಷ್ಟ್ರು ತಮ್ಮ ದೇಶಕ್ಕೆ ಹೋಗಿ ಕಲಿಸಿರುತ್ತಾರೆ. ಅವರ ಶಿಷ್ಯ ಇನ್ನೊಬ್ಬರಿಗೆ ಹೇಳಿರುತ್ತಾನೆ. ಆ ಶಿಷ್ಯನ ಶಿಷ್ಯ ಯಾವುದೋ ರಾತ್ರಿ ಸರಿಯಾದ ಕಡೆಗೆ ತಿರುಗಿರುತ್ತಾನೆ. ಅವನಿಗೆ ಚಿಚೆಸ್ಟರ್ ಹೆಸರೇ ಗೊತ್ತಿರಲಿಕ್ಕಿಲ್ಲ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಮ್ಯಾಪಿನ ಆಟಗಳಿಂದ ಶುರುವಾಗಿ ಮ್ಯಾಪ್ ಕಂಪನಿ ಬೆಳೆಯಿತು. 1950ರ ದಶಕದ ಕೊನೆಗೆ ಶ್ವಾಸಕೋಶದ ಕ್ಯಾನ್ಸರ್ ಅಂದರು. ಹೆಂಡತಿ ಶೀಲಾ ಆಪರೇಷನ್ ಬೇಡ ಅಂತ ಗಟ್ಟಿಯಾಗಿ ನಿಂತರು. ಚಿಚೆಸ್ಟರ್ ಚೇತರಿಸಿಕೊಂಡು, 1960ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಒಂಟಿ ಹಾಯಿದೋಣಿ ಸ್ಪರ್ಧೆಯನ್ನು 40 ದಿನಗಳಲ್ಲಿ ಗೆದ್ದರು. ಆಮೇಲೆ ಭೂಪ್ರದಕ್ಷಿಣೆ. ದೋಣಿಗೆ ಇಟ್ಟದ್ದು ಹಳೆಯ ವಿಮಾನದ ಹೆಸರೇ, ಜಿಪ್ಸಿ ಮಾತ್ 4. 1967ರ ಜನವರಿಯಲ್ಲಿ ಸಿಡ್ನಿಯಿಂದ ಹೊರಟ ಮಾರನೇ ರಾತ್ರಿ ದೋಣಿ ಮಗುಚಿ ಮತ್ತೆ ಎದ್ದು ನಿಂತಿತು. ಎಲ್ಲಿ ಅಂತೀರಾ? ಅದೇ ಟಾಸ್ಮನ್ ಸಮುದ್ರದಲ್ಲಿ. ಅವರು ವಾಪಸ್ ತಿರುಗಲಿಲ್ಲ. ಮೇ 28ರಂದು ಪ್ಲಿಮತ್ ತಲುಪಿದರು. 1972ರಲ್ಲಿ ತೀರಿಕೊಂಡರು.

ನನ್ನ ಒಂದು ರಾತ್ರಿಯ ಬಗ್ಗೆ ಹೇಳಬೇಕು.

ತೊಂಬತ್ತರ ದಶಕ, ಮಳೆಗಾಲ. ಏಡನ್ ಕಡೆಯಿಂದ ಸಿಂಗಾಪುರಕ್ಕೆ ಹೋಗುತ್ತಿದ್ದೆವು. ಆಗ ನಾನು ಸೆಕೆಂಡ್ ಮೇಟ್. ಅರಬ್ಬೀ ಸಮುದ್ರದ ನಡುವೆ ಜಿಪಿಎಸ್ ಕೆಟ್ಟು ನಿಂತಿತು. ಎರಡು ದಿನ ಆಕಾಶ ತೆರೆಯಲಿಲ್ಲ. ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಮುಂದೆ ಮಿನಿಕಾಯ್ ದ್ವೀಪ. ತೆಂಗಿನ ಮರದಷ್ಟೇ ಎತ್ತರದ ಹವಳದ ದ್ವೀಪ, ರಾಡಾರ್‌ಗೆ ಹತ್ತಿರ ಹೋಗುವವರೆಗೂ ಸಿಗದು. ಅಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಮೂರನೇ ದಿನ ಸಂಜೆ ಪಶ್ಚಿಮದಲ್ಲಿ ಮೋಡ ಸೀಳಿ ಸೂರ್ಯ ಒಂದೆರಡು ನಿಮಿಷ ಕಂಡ. ಒಂದೇ ಒಂದು ಅಳತೆ ಸಿಕ್ಕಿತು. ಒಂದೇ ಗೆರೆ, ಉತ್ತರ ದಕ್ಷಿಣವಾಗಿ. ಪೂರ್ವಕ್ಕೆ ಎಷ್ಟು ಬಂದಿದ್ದೇವೆ ಅಂತ ಗೊತ್ತಾಯಿತು. ಉತ್ತರಕ್ಕೋ ದಕ್ಷಿಣಕ್ಕೋ ಅಂತ ಗೊತ್ತಿಲ್ಲ. ಕ್ಯಾಪ್ಟನ್‌ಗೆ ಹೇಳಿ, ದೀಪದಿಂದ ದೂರಕ್ಕೆ, ದಕ್ಷಿಣದ ಆಳ ನೀರಿನ ಕಡೆ ಗುರಿ ಇಟ್ಟೆ. ಮಧ್ಯರಾತ್ರಿ ಕಳೆದ ಮೇಲೆ, ಗೆರೆ ಬಂತು ಅಂತ ಲೆಕ್ಕ ಹೇಳಿದ ಹೊತ್ತಿಗೆ, ಎದುರಿಗೆ ಬರೀ ಕತ್ತಲು. ನಾನು ಎಡಕ್ಕೆ, ಬಡಗಿನ ಕಡೆಗೆ ನೋಡುತ್ತಾ ನಿಂತೆ. ಇಪ್ಪತ್ತು ನಿಮಿಷದ ಮೇಲೆ ದಿಗಂತದ ಕೆಳಗಿಂದ ಬೆಳಕು ಒಂದು ಸಲ ತೂಗಿ ಹೋಯಿತು. ಮತ್ತೊಮ್ಮೆ ತೂಗಿತು. ನಾನು ನಡುವಿನ ಸೆಕೆಂಡ್ ಎಣಿಸಿದೆ. ಮಿನಿಕಾಯ್.

ಈ ವಿಷಯವನ್ನು ನನಗೆ ಕಲಿಸಿದವರಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಕೆಲಸ, ಊರು, ಮಕ್ಕಳು, ಹಾಗೇ ವರ್ಷಗಳು ಹೋದವು. ಹಲ್ಲವಿಂಗ್ಟನ್ ಬಗ್ಗೆ ಓದಿದ ವಾರ ಹಳೆಯ ಸಹೋದ್ಯೋಗಿಯೊಬ್ಬರಿಂದ ನಂಬರ್ ಪಡೆದು ಕಾರವಾರಕ್ಕೆ ಫೋನ್ ಮಾಡಿದೆ. ಅವರಿಗೆ ಈಗ ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ. ನನ್ನ ಹೆಸರು ಮೂರು ಸಲ ಹೇಳಬೇಕಾಯಿತು. ಆಮೇಲೆ ಆ ರಾತ್ರಿಯ ಕಥೆಯನ್ನೆಲ್ಲ ಹೇಳಿದೆ. ಜಿಪಿಎಸ್, ಮೋಡ, ಒಂದೇ ಗೆರೆ, ದೀಪ. ಅವರು ಸುಮ್ಮನೆ ಕೇಳಿದರು. ಫೋನ್ ಕಟ್ ಆಯಿತೇನೋ ಅಂದುಕೊಂಡೆ.

"ಯಾವ ಕಡೆಗೆ ಗುರಿ ಇಟ್ಟಿದ್ದೆ?" ಅಂತ ಕೇಳಿದರು.

"ತೆಂಕಕ್ಕೆ, ಸಾರ್."

"ಹ್ಞಾಂ," ಅಂದರು. "ಸರಿ."